ಎದುರು ಕುರ್ಚಿಯಲ್ಲಿ ಕೂತವನು

“ಯಾರದು ಮೆಷಿನ್ ನಿಲ್ಲಿಸಿದ್ದು?!”

ಆ ಕೂಗಿಗೆ ಇಡೀ ಲಾಂಡ್ರಿ ಬೆಚ್ಚಿಬಿತ್ತು. ಬಟ್ಟೆ ಸಾಗಿಸುವ ಬೆಲ್ಟ್ ನಿಂತುಹೋಗಿತ್ತು. ಅದರ ಮೇಲಿದ್ದ ಹಾಸಿಗೆ ಬಟ್ಟೆಯ ರಾಶಿ ಅರ್ಧ ದಾರಿಯಲ್ಲಿ ಹಾಗೇ ಕೂತಿತ್ತು. ಆವಿ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವಂತೆ ಏಳುತ್ತಲೇ ಇತ್ತು.

“ನಾನೇ!” ಅಂದಳು ಅವಳು. ಕೆಂಪು ಗುಂಡಿಯ ಮೇಲಿಂದ ಇನ್ನೂ ಕೈ ತೆಗೆದಿರಲಿಲ್ಲ.

“ನೀವು ಡಿಸ್‌ಪ್ಯಾಚ್‌ನವರು ಅಲ್ವಾ? ಇಲ್ಲೇನು ಕೆಲಸ ನಿಮಗೆ? ಒಂದು ಸಲ ನಿಂತ್ರೆ ಮತ್ತೆ ಬಿಸಿ ಏರೋಕೆ ಎಷ್ಟು ಹೊತ್ತು ಬೇಕು ಗೊತ್ತಾ?”

“ಕೈ ಹೋದ್ರೆ ಮತ್ತೆ ಬರೋಕೆ ಎಷ್ಟು ಹೊತ್ತು ಬೇಕು, ನಿಮಗೆ ಗೊತ್ತಾ?”

ಅವನು ಇನ್ನೇನೋ ಹೇಳಲು ಬಾಯಿ ತೆರೆದವನು ಅವಳ ಹಿಂದೆ ನೋಡಿದ. 

ವಿಂಗಡಿಸುವ ಟೇಬಲ್ಲಿನ ಪಕ್ಕ ಒಬ್ಬ ಹೆಂಗಸು ಅಂಗೈ ಅದುಮಿಕೊಂಡು ಕೂತಿದ್ದಳು. ಬಿಳಿ ಚಾದರದ ಮೇಲೆ ರಕ್ತ. ಯಾವುದೋ ಹೋಟೆಲಿನ ಕೋಣೆಯಲ್ಲಿ ಒಡೆದ ಗಾಜಿನ ಲೋಟವನ್ನು ಯಾರೋ ಪುಣ್ಯಾತ್ಮರು ಚಾದರದಲ್ಲೇ ಸುತ್ತಿ ಚೀಲಕ್ಕೆ ತುಂಬಿಬಿಟ್ಟಿದ್ದರು.

ಅವನು ಓಡಿದ. ಔಷಧಿ ಪೆಟ್ಟಿಗೆ ಹಿಡಿದು ಓಡಿ ಬಂದ. ಒದ್ದೆ ನೆಲ ಅಂತಲೂ ನೋಡದೆ ಮಂಡಿಯೂರಿ, ಆಕೆಯ ಅಂಗೈ ತೊಳೆದು, ಗಾಜಿನ ಚೂರು ಉಳಿದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದ.

“ನೋಯ್ತಿದೆಯಾ ಅಮ್ಮ? ಸ್ವಲ್ಪ ತಡ್ಕೊಳ್ಳಿ... ಆಯ್ತು, ಆಯ್ತು...”

ಇದೇನಾ ಆಗ ಕೂಗಿದ ಗಂಟಲು? ಅವಳು ಕಣ್ಣು ಮಿಟುಕಿಸದೆ ನೋಡಿದಳು. ಬೈಯಬೇಕೆಂದು ಸಿದ್ಧ ಮಾಡಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋಯಿತೋ!

ಅವನು ಲಾಂಡ್ರಿಯ ಮೆಷಿನ್ ಎಂಜಿನಿಯರ್. ದಿನವಿಡೀ ಬಾಯ್ಲರಿನ ಸದ್ದಿನ ನಡುವೆ ಮಾತಾಡಿ ಮಾತಾಡಿ ಗಂಟಲು ದೊಡ್ಡದಾಗಿತ್ತು. ಟೇಬಲ್ಲಿನ ಹೆಂಗಸರು ಅವನಿಗೆ ಗುಡುಗಪ್ಪ ಅಂತಲೇ ಹೆಸರಿಟ್ಟಿದ್ದರು.

ಇನ್ನು ಅವಳು? ತೊಳೆದ ಬಟ್ಟೆ ಯಾವ ಹೋಟೆಲಿಗೆ, ಯಾವ ಆಸ್ಪತ್ರೆಗೆ, ಯಾವ ವ್ಯಾನಿನಲ್ಲಿ ಹೋಗಬೇಕೆಂದು ನೋಡಿಕೊಳ್ಳುವವಳು. ಗಾಯವಾಗಿದ್ದು ಅವಳ ಚಿಕ್ಕಮ್ಮನಿಗೆ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ತಂಗಿಯಾದ ಈ ಚಿಕ್ಕಮ್ಮನೇ ಅವಳನ್ನು ಸಾಕಿದ್ದು, ಓದಿಸಿದ್ದು, ಅವಳಿಗೆ ‘ಕಡ್ಡಿ’ ಅಂತ ಅಡ್ಡಹೆಸರು ಇಟ್ಟಿದ್ದು. ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ ಅಂತ.

‘ಈ ಕೈ ನನಗೆ ತುತ್ತು ಹಾಕಿದ ಕೈ... ಇನ್ನೊಂದು ಸಲ ಇದಕ್ಕೆ ಗಾಯ ಆಗಬಾರದು!’

ಆ ಮಧ್ಯಾಹ್ನವೇ ಅವಳ ತಲೆಗೆ ಒಂದು ಯೋಚನೆ ಹೊಕ್ಕಿತು.

*

ಯೋಚನೆ ಸರಳವಾಗಿತ್ತು. ಈಗ ಚಾದರ, ಟವೆಲ್, ಮೇಜಿನ ಬಟ್ಟೆ ಎಲ್ಲವೂ ಒಂದೇ ಚೀಲದಲ್ಲಿ ಕಲಸಿಕೊಂಡು ಬರುತ್ತವೆ. ಆರು ಹೆಂಗಸರು ಅದರೊಳಗೆ ಕೈ ಹಾಕಿ ಬೇರೆ ಮಾಡುತ್ತಾರೆ. ಕೈಗೆ ಒಮ್ಮೆ ಫೋರ್ಕ್ ಚುಚ್ಚುತ್ತದೆ, ಒಮ್ಮೆ ಪಿನ್ನು, ಒಮ್ಮೆ ದೇವರಿಗೇ ಗೊತ್ತು ಏನು.

ಅದರ ಬದಲು ಹೋಟೆಲಿನವರೇ ಹಾಸಿಗೆ ಬಿಚ್ಚುವಾಗ ಮೂರು ಬಣ್ಣದ ಮೂರು ಚೀಲಕ್ಕೆ ಹಾಕಿದರೆ? ಚೀಲದ ಬಾಯಿ ನೇರವಾಗಿ ಮೆಷಿನ್ನಿಗೆ ಬಿಚ್ಚಿದರೆ? ಯಾರೂ ಕೈ ಹಾಕಬೇಕಾಗಿಲ್ಲ!

ಅದನ್ನು ಬರೆದುಕೊಂಡು ಅವಳು ಮೊದಲು ಹೋದದ್ದು ಗುಡುಗಪ್ಪನ ಬಳಿಗೆ. ಚೀಲ ತೂಗುಹಾಕುವ ಕೊಕ್ಕೆ ಮೆಷಿನ್ನಿಗೆ ಕೂರುತ್ತದೋ ಇಲ್ಲವೋ ಅವನೇ ಹೇಳಬೇಕಿತ್ತು.

ಅವನು ಪೂರ್ತಿ ಓದಿದ. ಆಮೇಲೆ ತಲೆಯೆತ್ತಿ, “ಯೋಜನೆ ತುಂಬಾ ಚೆನ್ನಾಗಿದೆ. ಹೇಳಿರೋ ರೀತಿ ತುಂಬಾ ಕೆಟ್ಟದಾಗಿದೆ” ಅಂದ.

“ಏನಂದ್ರಿ?!”

“ಮೊದಲ ಪುಟದಿಂದ ಕೊನೆ ಪುಟದವರೆಗೂ ಚೀಲ, ಚೀಲ, ಚೀಲ. ಮಾಲೀಕಮ್ಮ ಇದನ್ನ ಓದಿ, ಚೀಲ ಮಾರೋಕೆ ಬಂದಿದ್ದೀರಾ ಅಂತಾರೆ. ಗಾಯವಾದ ಆ ಕೈಯ ಮಾತಿಂದ ಶುರು ಮಾಡಿ. ಆಮೇಲೆ, ಎಲ್ಲಾ ಹೋಟೆಲಿಗೂ ಒಟ್ಟಿಗೆ ಬೇಡ. ಒಂದೇ ಒಂದು ಹೋಟೆಲಲ್ಲಿ ಒಂದು ತಿಂಗಳು ಮಾಡಿ ತೋರಿಸ್ತೀನಿ ಅನ್ನಿ.”

ಅವಳಿಗೆ ಕೋಪ ಬಂತು. ಅವನು ಹೇಳಿದ್ದು ಸರಿ ಅನ್ನಿಸಿ ಇನ್ನೂ ಜಾಸ್ತಿ ಕೋಪ ಬಂತು.

ಹೀಗೆ ಶುರುವಾಯಿತು. ಕೆಲಸ ಮುಗಿದ ಮೇಲೆ ಇಬ್ಬರೂ ಕೂತು ಬರೆಯುತ್ತಿದ್ದರು, ಹೊಡೆದುಹಾಕುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಯಾವ ಹೋಟೆಲ್? ಯಾರಿಗೆ ತರಬೇತಿ? ಹೊಸ ಚೀಲ ಹೊಲಿಯುವವರು ಯಾರು? ಎಡವಟ್ಟಾದರೆ ಹಳೇ ಪದ್ಧತಿಗೆ ಮರಳುವುದು ಹೇಗೆ? ಅವನು ಕೇಳುತ್ತಲೇ ಹೋಗುತ್ತಿದ್ದ. ಅವಳು ಸಿಡುಕುತ್ತಲೇ ಉತ್ತರ ಹುಡುಕುತ್ತಿದ್ದಳು.

ಅವನ ಜೊತೆ ಜಗಳವಾಡದ ದಿನ ಏನೋ ಕಳೆದುಕೊಂಡ ಹಾಗೆ ಯಾಕೆ ಅನ್ನಿಸುತ್ತದೆ ಅಂತ ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಸಿಕ್ಕಿಬಿಡುತ್ತಿತ್ತಲ್ಲ, ಅದಕ್ಕೆ!

ಒಂದು ಸಂಜೆ ಮಡಿಸುವ ಮೆಷಿನ್ ಕೆಟ್ಟಿತು. ಆಸ್ಪತ್ರೆಯ ಚಾದರಗಳು ಬೆಳಿಗ್ಗೆ ಹೋಗಲೇಬೇಕು. ಸರಿ, ಇಬ್ಬರೂ ಕೈಯಿಂದಲೇ ಮಡಿಸಲು ನಿಂತರು. ಅವಳು ಎರಡು ತುದಿ, ಅವನು ಎರಡು ತುದಿ.

“ಹೋಟೆಲಿನವರು ತಪ್ಪು ಚೀಲಕ್ಕೆ ಹಾಕಿದ್ರೆ?” ಅವನು ಒಂದು ಹೆಜ್ಜೆ ಮುಂದೆ ಬಂದ.

“ಪ್ರತಿ ಚೀಲದ ಮೇಲೂ ಬಟ್ಟೆಯ ಚಿತ್ರ ಇರುತ್ತೆ.” ಅವಳೂ ಒಂದು ಹೆಜ್ಜೆ.

“ನಮ್ಮ ಹುಡುಗೀರಿಗೆ ಪುರುಸೊತ್ತಿಲ್ಲ ಅಂತ ಹೋಟೆಲಿನವರು ಅಂದ್ರೆ?”

“ಅವರು ಈಗಲೂ ಬಟ್ಟೆ ಬಿಚ್ತಾರೆ, ಚೀಲಕ್ಕೆ ಹಾಕ್ತಾರೆ. ಕೆಲಸ ಅಷ್ಟೇ, ಚೀಲ ಮೂರು.”

ತುದಿಗೆ ತುದಿ ಸೇರಿತು. ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಸ್ತ್ರಿಯಿಂದ ಆಗಷ್ಟೇ ಬಂದ ಚಾದರ ಬೆಚ್ಚಗಿತ್ತು. ಇಬ್ಬರೂ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತರು.

ಆ ಬಿಸಿಗೋ, ಅವನು ಅಷ್ಟು ಹತ್ತಿರ ಇದ್ದದ್ದಕ್ಕೋ... ಯಾರಿಗೂ ಹೇಳದ ಮಾತು ಅವಳ ಬಾಯಿಂದ ಹೊರಗೆ ಬಂತು.

“ಒಂದು ಭಯ ಇದೆ. ಚೀಲ ನೇರವಾಗಿ ಮೆಷಿನ್ನಿಗೆ ಹೋದ್ರೆ... ವಿಂಗಡಿಸೋ ಟೇಬಲ್ಲೇ ಬೇಡ. ಟೇಬಲ್ ಬೇಡ ಅಂದ್ರೆ ಚಿಕ್ಕಮ್ಮ? ಉಳಿದ ಐದು ಜನ?”

ಅವನು ಚಾದರ ಹಿಡಿದುಕೊಂಡೇ ನಿಂತ. “ಅವರನ್ನ ಕೇಳಿದ್ರಾ?”

“ಇಲ್ಲ. ಮೊದಲು ಒಪ್ಪಿಗೆ ಸಿಗಲಿ. ಆಮೇಲೆ ಏನಾದ್ರೂ ದಾರಿ ನೋಡೋಣ. ಈಗಲೇ ಆ ಮಾತು ಎತ್ತಿದ್ರೆ ಎಲ್ಲಾ ಕೆಟ್ಟುಹೋಗುತ್ತೆ... ಯಾರಿಗೂ ಹೇಳ್ಬೇಡಿ. ಆಯ್ತಾ?”

ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೂಂ ಅಂದ ಅಂತಲೇ ಅವಳು ತಿಳಿದುಕೊಂಡಳು.

*

ಆ ಲಾಂಡ್ರಿಯಲ್ಲಿ ಒಂದು ಪದ್ಧತಿ ಇತ್ತು. ಯಾರು ಬೇಕಾದರೂ ಹೊಸ ಯೋಜನೆ ತರಬಹುದು. ಆದರೆ ಮಂಡಿಸುವವರ ಎದುರಿಗೇ ಒಂದು ಕುರ್ಚಿ. ಆ ದಿನ ಬೆಳಿಗ್ಗೆ ಚೀಟಿ ಎತ್ತಿ, ಯಾರ ಹೆಸರು ಬರುತ್ತದೋ ಅವರು ಅಲ್ಲಿ ಕೂರಬೇಕು. ಕೂತವರ ಕೆಲಸ ಒಂದೇ: ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೇಳುವುದು.

ಉತ್ತರವನ್ನು ಮಾಲೀಕಮ್ಮ ಬೋರ್ಡಿನ ಮೇಲೆ ತಾವೇ ಬರೆದು, ಕೆಳಗೆ ಸಹಿ ಹಾಕುತ್ತಿದ್ದರು. ಹಾಗೆ ಬರೆದ ಮಾತಿಗೆ ಆ ಮುದುಕಿ ಎಂದೂ ತಪ್ಪಿದವರಲ್ಲ. ಬರೆಯದೇ ಉಳಿದದ್ದೆಲ್ಲ ಲೆಕ್ಕದ ಸಾಹೇಬರ ಮರ್ಜಿ. ಇನ್ನೊಂದು ಕಟ್ಟುಪಾಡು: ಸಭೆ ಒಮ್ಮೆ ಶುರುವಾದ ಮೇಲೆ, ತೀರ್ಮಾನ ಆಗುವವರೆಗೆ ಎದುರು ಕುರ್ಚಿಯವರೂ ಮಂಡಿಸುವವರೂ ಸಭೆಯ ಹೊರಗೆ ಅದರ ಬಗ್ಗೆ ಒಂದಕ್ಷರ ಮಾತಾಡುವಂತಿಲ್ಲ.

ತನ್ನ ಸರದಿಯ ದಿನ ಅವಳು ಬರೆದ ಹಾಳೆಗಳನ್ನು ಎದೆಗೆ ಅವಚಿಕೊಂಡು ಸಭೆಯ ಕೋಣೆಗೆ ಬಂದಳು. ಹಿಂದಿನ ಬೆಂಚಿನಲ್ಲಿ ಚಿಕ್ಕಮ್ಮ, ಕೈಗೆ ಇನ್ನೂ ಬಟ್ಟೆ ಕಟ್ಟಿಕೊಂಡು, ನಮ್ಮ ಹುಡುಗಿ ಅಂತ ಅಕ್ಕಪಕ್ಕದವರಿಗೆಲ್ಲ ಮೊಣಕೈಯಲ್ಲಿ ತಿವಿಯುತ್ತಿದ್ದಳು.

ಎದುರು ಕುರ್ಚಿಯಲ್ಲಿ ಯಾರು ಅಂತ ನೋಡಿದಳು.

ಅವನು!

‘ಅಬ್ಬಾ, ಬದುಕಿದೆ! ಅವನು ನನ್ನವನೇ...’ ಹಾಗಂದುಕೊಂಡದ್ದಕ್ಕೆ ಅವಳ ಕಿವಿ ಕೆಂಪಾಯಿತು.

ಅವಳು ಮಾತಾಡಿದಳು. ಕೈಯಿಂದ ಶುರು ಮಾಡಿದಳು. ಕೋಣೆ ಸದ್ದಿಲ್ಲದೆ ಕೇಳಿತು. ಮಾಲೀಕಮ್ಮ ತಲೆಯಾಡಿಸಿದರು, ಲೆಕ್ಕದ ಸಾಹೇಬರಂತೂ ನಗುನಗುತ್ತಾ ತಲೆಯಾಡಿಸಿದರು. ಗೆದ್ದೆ ಅಂದುಕೊಂಡಳು.

ಅವನು ಎದ್ದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

“ಒಂದೇ ಪ್ರಶ್ನೆ. ಚೀಲ ನೇರವಾಗಿ ಮೆಷಿನ್ನಿಗೆ ಹೋದರೆ... ವಿಂಗಡಿಸುವ ಟೇಬಲ್ಲಿನ ಆರು ಜನ ಏನು ಮಾಡುತ್ತಾರೆ?”

  ಚಿಕ್ಕಮ್ಮನ ಮುಖದ ನಗು ಹೇಗೆ ಮೆಲ್ಲಗೆ ಇಳಿಯಿತು ಎನ್ನುವುದನ್ನು ಅವಳು ನಿಂತಲ್ಲಿಂದಲೇ ನೋಡಿದಳು.

“ಉತ್ತರ... ಇಲ್ಲ.”

ಮಾಲೀಕಮ್ಮ ಕನ್ನಡಕ ತೆಗೆದರು. “ಎರಡು ವಾರ ತಗೊಳಮ್ಮ. ಉತ್ತರ ತಗೊಂಡು ಬಾ. ಕುರ್ಚಿಯಲ್ಲಿ ಆಗಲೂ ಇವನೇ ಇರ್ತಾನೆ.”

ಹೊರಗೆ ಮೆಟ್ಟಿಲ ಬಳಿ ಅವಳು ಅವನನ್ನು ತಡೆದಳು. ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಕೋಪ.

“ನಂಬಿ ಹೇಳಿದ್ದೆ! ಇಡೀ ಲೋಕದಲ್ಲಿ ನಿಮ್ಮೊಬ್ಬರಿಗೆ ಹೇಳಿದ್ದೆ!”

“ನಾನು...” ಅವನು ಒಂದು ಮೆಟ್ಟಿಲು ಹಿಂದೆ ಸರಿದ. “ತೀರ್ಮಾನ ಆಗೋವರೆಗೂ ಮಾತಾಡೋ ಹಾಗಿಲ್ಲ.”

“ಬೇಡ! ಆಮೇಲೂ ಮಾತಾಡಬೇಡಿ. ಯಾವತ್ತೂ ಮಾತಾಡಬೇಡಿ!”

*

ಮನೆಯಲ್ಲಿ ಚಿಕ್ಕಮ್ಮ ಒಂದೇ ಕೈಯಲ್ಲಿ ತಟ್ಟೆ ತಂದಿಟ್ಟಳು. ಮುಖ ತಿರುಗಿಸಿಕೊಂಡು ಕೂತಳು.

“ಅವನು ಹಾಗೆ ಕೇಳ್ತಾನೆ ಅಂತ ನನಗೆ ಗೊತ್ತಿರಲಿಲ್ಲ ಚಿಕ್ಕಮ್ಮ...”

“ಅವನು ಕೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ.”

“ಮತ್ತೆ?”

“ನೀನು ಕೇಳಲಿಲ್ಲವಲ್ಲ ಕಡ್ಡಿ, ಅದಕ್ಕೆ ಬೇಜಾರು. ದಿನಾ ನನ್ನ ಪಕ್ಕದಲ್ಲೇ ಮಲಗ್ತೀಯ. ನನ್ನ ಕೈಗಾಗಿ ಅಷ್ಟೆಲ್ಲ ಬರೆದೆ. ಇಷ್ಟು ದೊಡ್ಡ ವಿಷಯ, ನನ್ನ ಬಾಯಿಂದ ಒಂದು ಮಾತು ಬೇಕು ಅಂತ ಅನ್ನಿಸಲಿಲ್ವಾ?”

ಅವಳು ಬಿಕ್ಕಿ ಬಿಕ್ಕಿ ಅತ್ತಳು. “ನಿನ್ನ ಕೆಲಸ ಹೋಗುತ್ತೇನೋ ಅಂತ ಹೆದರಿ... ಹೇಳೋಕೇ ಆಗಲಿಲ್ಲ...”

“ಆ ಟೇಬಲ್ ಅಂದ್ರೆ ನನಗೆ ಪ್ರಾಣ ಅಂತ ಯಾರು ಹೇಳಿದ್ರು ನಿನಗೆ? ಎದುರಿಗೆ ಗೋಡೆ, ಕೆಳಗೆ ಕೊಳೆ ಬಟ್ಟೆ. ವರ್ಷಗಟ್ಟಲೆ ಅದೇ ಗೋಡೆ ನೋಡಿದ್ದೀನಿ ಕಣೇ!”

“ಹಾಗಾದ್ರೆ... ನಿನಗೇನು ಇಷ್ಟ ಚಿಕ್ಕಮ್ಮ?”

ಚಿಕ್ಕಮ್ಮ ಹುಡುಗಿಯ ಹಾಗೆ ನಾಚಿದಳು. “ನಗಬಾರದು. ವ್ಯಾನಲ್ಲಿ ಹೋಗೋದು. ಹೋಟೆಲಿಂದ ಹೋಟೆಲಿಗೆ. ಆ ಹುಡುಗೀರಿಗೆ, ಇದರಲ್ಲಿ ಗಾಜು ಹಾಕಬೇಡ್ರೇ ಅಂತ ನಾನೇ ನಿಂತು ಹೇಳ್ಬೇಕು. ನಾಲ್ಕು ಬೀದಿ ನೋಡ್ಬೇಕು.”

ಅವಳು ಬಾಯಿ ಬಿಟ್ಟು ನೋಡಿದಳು. ಅಷ್ಟು ವರ್ಷ ಜೊತೆಗಿದ್ದೂ ಇದೊಂದು ಆಸೆ ಗೊತ್ತೇ ಇರಲಿಲ್ಲವಲ್ಲ!

ಚಿಕ್ಕಮ್ಮ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದಳು. “ಹಿಂದೆ ಒಣಗಿಸೋ ಮೆಷಿನ್ ಬಂತಲ್ಲ, ನೆನಪಿದೆಯಾ? ತಂತಿ ಮೇಲೆ ಬಟ್ಟೆ ಹಾಕ್ತಿದ್ದೋರೆಲ್ಲ ಏನಾದ್ರು? ಸಭೆಯಲ್ಲಿ ಯಾರೂ ಅವರ ಮಾತು ಎತ್ತಲಿಲ್ಲ. ಮಾಲೀಕಮ್ಮ ಬೋರ್ಡಿನ ಮೇಲೆ ಬರೀಲಿಲ್ಲ. ತಿಂಗಳು ಮುಗಿಯೋದರೊಳಗೆ ಲೆಕ್ಕದ ಸಾಹೇಬರು ಮನೆಗೆ ಕಳಿಸಿದ್ರು.”

ಅವಳಿಗೆ ಲೆಕ್ಕದ ಸಾಹೇಬರ ಆ ದಿನದ ನಗು ನೆನಪಾಯಿತು. ಆ ನಗು ಯಾಕೆ ಅಂತ ಈಗ ಗೊತ್ತಾಯಿತು. ಆದರೂ ಅವನ ಮೇಲಿನ ಕೋಪ ಬಿಡಲು ಮನಸ್ಸು ಒಪ್ಪಲಿಲ್ಲ. ‘ನನಗೆ ಮೊದಲೇ ಹೇಳಬಹುದಿತ್ತು. ಒಂದು ಮಾತು!’

ಎರಡು ವಾರ ಅವಳು ಟೇಬಲ್ಲಿನ ಪ್ರತಿಯೊಬ್ಬರ ಪಕ್ಕದಲ್ಲೂ ನಿಂತು, ಅವರ ಜೊತೆಗೇ ವಿಂಗಡಿಸುತ್ತಾ ಕೇಳಿದಳು. ಒಬ್ಬಳು ಒಪ್ಪಲೇ ಇಲ್ಲ, “ನಿನ್ನ ಚೀಲ ನೀನೇ ಇಟ್ಕೋ” ಅಂದಳು. ಇಬ್ಬರಿಗೆ ಹೊಲಿಗೆ ಇಷ್ಟ. ಹರಿದ ಚಾದರ ಹಾಗೇ ವಾಪಸ್ ಕಳಿಸಿ ಬೈಸಿಕೊಳ್ಳುತ್ತಿದ್ದ ಡಿಸ್‌ಪ್ಯಾಚಿಗೆ ಅದು ಬೇಕೂ ಇತ್ತು. ಒಪ್ಪದವಳ ಬಳಿ ಅವಳು ಮತ್ತೆ ಮತ್ತೆ ಹೋದಳು. ಕೊನೆಗೆ ಗೊತ್ತಾಯಿತು, ಆಕೆಗೆ ಬೇಕಾಗಿದ್ದದ್ದು ಕೂತು ಮಾಡುವ ಕೆಲಸ. ಇಷ್ಟೇ. ಬೆನ್ನು ನೋವಂತೆ.

ಅವನು ಎದುರಿಗೆ ಸಿಕ್ಕರೆ ದಾರಿ ಬಿಟ್ಟು ಸರಿದು ನಿಲ್ಲುತ್ತಿದ್ದ. ನೋಡುತ್ತಿದ್ದ, ಅಷ್ಟೇ. ಆ ದೊಡ್ಡ ಗಂಟಲು ಬಾಯ್ಲರ್ ಕೋಣೆಯಿಂದಲೂ ಕೇಳಿಸುತ್ತಿರಲಿಲ್ಲ.

“ಗುಡುಗಪ್ಪಂಗೆ ಏನಾಯ್ತು? ಮಳೆ ನಿಂತ ಹಾಗಿದ್ದಾನೆ” ಅಂದಳು ಒಬ್ಬಳು.

ಅವಳು ಕೇಳಿಸಿಕೊಳ್ಳದವಳ ಹಾಗೆ ಬಟ್ಟೆ ಎಣಿಸಿದಳು. ಎಣಿಕೆ ತಪ್ಪಿತು. ಅವನಿಲ್ಲದೆ ಬೇಸರವಾಗುತ್ತಿತ್ತು. ಬೈಯಲಾದರೂ ಅವನು ಬೇಕಿತ್ತು!

*

ಮತ್ತೆ ಅದೇ ಕೋಣೆ. ಎದುರು ಕುರ್ಚಿಯಲ್ಲಿ ಅವನು.

“ಆರು ಜನ ಏನು ಮಾಡುತ್ತಾರೆ?”

ಈ ಸಲ ಅವಳ ದನಿ ನಡುಗಲಿಲ್ಲ. “ಇಬ್ಬರು ಹೊಲಿಗೆಗೆ. ಮೂವರು ತೊಳೆದ ಬಟ್ಟೆ ಪರೀಕ್ಷೆಗೆ. ಒಬ್ಬರು ವ್ಯಾನಿನಲ್ಲಿ, ಹೋಟೆಲಿನವರಿಗೆ ಹೇಳಿಕೊಡಲು. ಎಲ್ಲರನ್ನೂ ಕೇಳಿದ್ದೇನೆ.”

ಮಾಲೀಕಮ್ಮ ಬೋರ್ಡಿನ ಮೇಲೆ ಬರೆದರು.

“ಈಗ ಬರೋ ಸಂಬಳವೇ ಬರುತ್ತಾ?” ಅವನು ಮತ್ತೆ ಕೇಳಿದ.

“ಬರಬೇಕು.”

ಲೆಕ್ಕದ ಸಾಹೇಬರು ಕೆಮ್ಮಿದರು. ಮಾಲೀಕಮ್ಮ ಅವರ ಕಡೆ ತಿರುಗಿಯೂ ನೋಡದೆ ಬರೆದರು.

“ಹೋಟೆಲಿನ ಪ್ರಯೋಗ ಸೋತರೆ ಇವರ ಗತಿ?”

“ಟೇಬಲ್ ತೆಗೆಯಲ್ಲ. ಎಲ್ಲಾ ಹೋಟೆಲಿಗೂ ಚೀಲ ಹೋಗುವವರೆಗೆ ಅದು ಅಲ್ಲೇ ಇರುತ್ತೆ.”

ಅದನ್ನೂ ಬರೆದರು.

ಅವನು ಇನ್ನೂ ಕೂರಲಿಲ್ಲ. “ಪರೀಕ್ಷೆ ಮಾಡುವವರು ಕೂತು ಮಾಡಬಹುದಾ, ನಿಂತೇ ಮಾಡಬೇಕಾ?”

“ಕೂತು.”

“ವ್ಯಾನಲ್ಲಿ ಹೋಗೋರಿಗೆ ಮೊಣಕಾಲು ನೋವಿದ್ದರೆ?”

“ನನ್ನ ಮೊಣಕಾಲಿನ ಸುದ್ದಿ ನಿನಗ್ಯಾಕಪ್ಪಾ?!” ಹಿಂದಿನ ಬೆಂಚಿನಿಂದ ಚಿಕ್ಕಮ್ಮ ಎದ್ದೇ ಬಿಟ್ಟಳು. ಕೋಣೆಯೆಲ್ಲ ಗೊಳ್ಳೆಂದಿತು.

ಅವನು ನಗಲಿಲ್ಲ. “ವ್ಯಾನಿಗೆ ಒಂದು ಮೆಟ್ಟಿಲು ಬೇಕಲ್ಲಮ್ಮ. ಅದೂ ಬೋರ್ಡಿನ ಮೇಲೆ ಬರಲಿ ಅಂತ.”

ಆ ಕ್ಷಣ ಅವಳಿಗೆ ಎಲ್ಲವೂ ಕಂಡಿತು. ಬೋರ್ಡ್ ತುಂಬ ಆರು ಹೆಂಗಸರಿಗೆ ಸಿಕ್ಕ ಮಾತು. ಅದರಲ್ಲಿ ಪ್ರತಿಯೊಂದೂ ಅವನು ಕೇಳಿದ್ದಕ್ಕೆ ಬಂದದ್ದು. ಅವನು ಕೇಳದೇ ಇದ್ದಿದ್ದರೆ ಅವತ್ತೇ ಅವಳು ಗೆಲ್ಲುತ್ತಿದ್ದಳು. ಚಿಕ್ಕಮ್ಮ ತಿಂಗಳೊಳಗೆ ಮನೆಯಲ್ಲಿರುತ್ತಿದ್ದಳು.

ಮಾಲೀಕಮ್ಮ ಸಹಿ ಹಾಕಿದರು. ಚಪ್ಪಾಳೆ ಬಿತ್ತು. ಅವಳಿಗೆ ಯಾವುದೂ ಕೇಳಿಸಲಿಲ್ಲ. ಕಣ್ಣು ತುಂಬಿ ಬೋರ್ಡೇ ಮಂಜಾಗಿತ್ತು.

*

ಮಧ್ಯಾಹ್ನದ ಬಿಸಿಲಲ್ಲಿ ವ್ಯಾನುಗಳು ನಿಲ್ಲುವ ಅಂಗಳಕ್ಕೆ ಅವಳೇ ಹೋದಳು. ಅವನು ವ್ಯಾನಿನ ಬಾಗಿಲ ಬಳಿ ಕೂತು ಮೆಟ್ಟಿಲಿಗೆ ಅಳತೆ ತೆಗೆಯುತ್ತಿದ್ದ.

“ಈಗ ಮಾತಾಡಬಹುದಾ?”

ಅವನು ಗಡಬಡಿಸಿ ಎದ್ದ. “ಯಾವತ್ತೂ ಮಾತಾಡಬೇಡಿ ಅಂದಿದ್ರಿ...”

“ಅಂದಿದ್ದೆ. ಕೋಪದಲ್ಲಿ ಅಂದ ಮಾತನ್ನೆಲ್ಲ ಬೋರ್ಡಿನ ಮೇಲೆ ಬರ್ಕೊಂಡಿದ್ದೀರಾ?”

ಅವನಿಗೆ ನಗು ಬಂತು. ತಕ್ಷಣ ಮುಖ ಸಪ್ಪಗಾಯಿತು. “ನಾನು ತಪ್ಪು ಮಾಡಿದೆ. ಕೇಳಿದ್ದು ತಪ್ಪಲ್ಲ. ನಿಮಗೆ ಮುಂಚೆ ಹೇಳದೇ ಇದ್ದದ್ದು ತಪ್ಪು. ಆವತ್ತು ಚೀಟಿ ಬಂದ ಕೂಡಲೇ ನಿಮ್ಮ ಹತ್ರ ಓಡಿ ಬಂದೆ. ನೀವು ಚಿಕ್ಕಮ್ಮನ ಜೊತೆ ನಗ್ತಾ ಇದ್ರಿ. ಆ ನಗು ನನ್ನಿಂದ ಹೋಗುತ್ತಲ್ಲ ಅಂತ... ಹೆದರಿ ಹಿಂದೆ ಹೋದೆ. ಇಷ್ಟು ದೊಡ್ಡ ಗಂಟಲು ಇಟ್ಕೊಂಡು ಒಂದು ಮಾತು ಆಡೋಕೆ ಆಗಲಿಲ್ಲ.”

“ಚೀಟಿ ವಾಪಸ್ ಹಾಕಬಹುದಿತ್ತು.”

“ಹಾಕಿದ್ರೆ ಬೇರೆ ಯಾರೋ ಕೂರ್ತಿದ್ರು. ಅವರಿಗೆ ಆ ಪ್ರಶ್ನೆ ಗೊತ್ತಿರ್ತಿರಲಿಲ್ಲ. ನೀವು ಗೆಲ್ತಿದ್ರಿ... ಆಮೇಲೆ ಜೀವನ ಪೂರ್ತಿ ಚಿಕ್ಕಮ್ಮನ ಮುಖ ನೋಡೋಕೆ ಒದ್ದಾಡ್ತಿದ್ರಿ. ಅದಕ್ಕಿಂತ ನನ್ನ ಮುಖ ನೋಡದೇ ಇರೋದೇ ವಾಸಿ ಅಂದ್ಕೊಂಡೆ.”

ಅವಳು ಅವನ ಮುಖವನ್ನೇ ನೋಡಿದಳು. ಇಷ್ಟು ದಿನ ಇವನು ನನ್ನ ಸಿಟ್ಟನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಸುಮ್ಮನೆ ಓಡಾಡಿದನಾ?

“ನಾನೂ ತಪ್ಪು ಮಾಡಿದೆ. ಕೇಳಬೇಕಾದೋರನ್ನ ಬಿಟ್ಟು ಊರಿಗೆಲ್ಲ ಯೋಜನೆ ಹಾಕ್ದೆ. ಆ ಪ್ರಶ್ನೆ ನಾನೇ ಬರೀಬೇಕಿತ್ತು... ನಿಮ್ಮ ತಲೆಗೆ ಕಟ್ಟಿದೆ.”

“ಕೋಪ ಹೋಯ್ತಾ?”

“ಪೂರ್ತಿ ಹೋಗಿಲ್ಲ. ನನ್ನ ಬಿಟ್ಟು ಇಷ್ಟು ದಿನ ಸುಮ್ಮನೆ ಇದ್ರಲ್ಲ, ಅದಕ್ಕೆ ಇನ್ನೂ ಇದೆ.”

“ಸುಮ್ಮನೆ ಎಲ್ಲಿದ್ದೆ? ಊಟ ಸೇರಲಿಲ್ಲ. ಬಾಯ್ಲರಿಗೆ ನೀರು ಬಿಡೋದು ಮರೆತು ಬೈಸಿಕೊಂಡೆ.” ಅವನು ಅಳತೆ ಪಟ್ಟಿಯನ್ನು ಸುಮ್ಮನೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. “ನಿಮ್ಮ ಮೇಲೆ ನನಗೆ... ಇದನ್ನ ಹೇಗೆ ಹೇಳೋದು ಅಂತ ಗೊತ್ತಿಲ್ಲ. ಪ್ರೀತಿ ಇದೆ. ತುಂಬಾ ಇದೆ.”

ವ್ಯಾನಿನೊಳಗಿಂದ ಯಾರೋ ಕೆಮ್ಮಿದರು. ಇಬ್ಬರೂ ಬೆಚ್ಚಿ ನೋಡಿದರೆ, ಮುಂದಿನ ಸೀಟಿನಲ್ಲಿ ಚಿಕ್ಕಮ್ಮ! ಕಿಟಕಿ ಗಾಜು ಇಳಿಸಿಕೊಂಡು, ಯಾವಾಗಲೋ ಬಂದು ಹಾಯಾಗಿ ಕೂತಿದ್ದಳು.

“ನನಗೇನೂ ಕೇಳಿಸಲಿಲ್ಲ. ಸೀಟು ಹೇಗಿದೆ ಅಂತ ನೋಡೋಕೆ ಬಂದೆ” ಅಂದವಳು ಆ ಕಡೆಗೆ ಮುಖ ತಿರುಗಿಸಿಕೊಂಡಳು. ಭುಜ ಮಾತ್ರ ನಗುವಿಗೆ ಕುಲುಕುತ್ತಿತ್ತು.

ಅವಳು ನಾಚಿ ತಲೆ ತಗ್ಗಿಸಿದಳು. ಆದರೆ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಮೆಲ್ಲಗೆ ಕೈ ಚಾಚಿ ಅವನ ಕೈ ಹಿಡಿದುಕೊಂಡಳು.

“ಚಿಕ್ಕಮ್ಮ...” ಅವಳ ಕಣ್ಣಿಂದ ನೀರು ಇಳಿಯಿತು, ತುಟಿಯಲ್ಲಿ ನಗು. “ಈ ಸಲ ನಿನ್ನನ್ನ ಮೊದಲು ಕೇಳ್ತಿದ್ದೀನಿ. ಇವರನ್ನ ಒಪ್ಪಿಕೊಳ್ಳಲಾ?”

ಚಿಕ್ಕಮ್ಮ ತಿರುಗಿ ನೋಡಿದಳು. ಸೇರಿದ ಎರಡು ಕೈ ನೋಡಿದಳು. ನಗು ನಿಂತು ಕಣ್ಣು ತುಂಬಿತು.

“ನಿನ್ನ ಮನಸ್ಸು ಏನನ್ನುತ್ತೆ ಮಗಳೇ?”

“ಹೂಂ ಅನ್ನುತ್ತೆ.”

“ಹಾಗಾದ್ರೆ ನನ್ನದೂ ಹೂಂ.”

ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಂಡ.

“ಅಳಬೇಡಿ” ಅಂದಳು ಅವಳು, ತಾನೇ ಅಳುತ್ತಾ. “ನಾನು ಇಲ್ಲೇ ಇದ್ದೀನಲ್ಲ.”